ಲ ಇಲ್ಲದ ಮೂರು ದಿನ

ಗಿರ್ಮಿಟ್ ತಿನ್ನುತ್ತಾ ಲ್ಯಾಪ್‌ಟಾಪ್ ಮುಂದೆ ಕೂರಬಾರದು ಅಂತ ನನಗೆ ಗೊತ್ತು. ಆದರೆ ಹುಬ್ಬಳ್ಳಿಯಲ್ಲಿ ಜಿಟಿಜಿಟಿ ಮಳೆ ಹಿಡಿದ ಸಂಜೆ, ಪೊಟ್ಟಣ ಬಿಸಿ ಇರುವಾಗ, ಗೊತ್ತಿದ್ದದ್ದೆಲ್ಲ ಎಲ್ಲಿ ನೆನಪಿರುತ್ತದೆ? ಒಂದು ಚುರುಮುರಿ ಕಾಳು ಜಾರಿ ಕೀಬೋರ್ಡಿನ ಸಂದಿಗೆ ಹೋಯಿತು. ಸುಮ್ನೆ ಬಿಟ್ಟಿದ್ದರೆ ಅದು ಅಲ್ಲೇ ಇರುತ್ತಿತ್ತು. ನಾನು ಹೇರ್‌ಪಿನ್ ಹಾಕಿ ಎಬ್ಬಿಸಿದೆ. ಚುರುಮುರಿ ಬರಲಿಲ್ಲ, ಕೀ ಬಂತು, ಕೆಳಗಿನ ಪುಟಾಣಿ ಕೊಂಡಿಯೂ ಮುರಿದುಕೊಂಡೇ ಬಂತು.

ಹೋಗಿದ್ದು 'ಎಲ್' ಕೀ. ಒಂದೇ ತಾನೆ ಅಂದುಕೊಂಡೆ. ನಾನು ಟೈಪ್ ಮಾಡುವುದು 'ನುಡಿ' ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ. ಅದರಲ್ಲಿ ಆ ಕೀ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಒಂದೇ ಏಟಿಗೆ ಎರಡೂ ಹೋದವು. ಅಂಗಡಿಯವನು ಹೊಸ ಕೀ ತರಿಸಲು ಮೂರು ದಿನ ಬೇಕು ಅಂದ. ನನ್ನ ಬಳಿ ಇದ್ದದ್ದು ಎರಡೇ ದಿನ.

ವಿಷಯ ಏನಂದರೆ, ನನಗೆ ಐದನೇ ಇಯತ್ತೆಯಲ್ಲಿ ಕಲಿಸಿದ ಅಕ್ಕೋರು ನಿವೃತ್ತಿ ಆಗುತ್ತಿದ್ದರು. ಸಮಾರಂಭದಲ್ಲಿ ಓದಲು ಒಂದು ಪುಟ ಬರೆದುಕೊಡುತ್ತೇನೆ ಅಂತ ಜಂಬದಿಂದ ಒಪ್ಪಿಕೊಂಡಿದ್ದೆ. ಈಗ ಬರೆಯಲು ಕೂತರೆ 'ಶಾಲೆ' ಬರುವುದಿಲ್ಲ. 'ಮಕ್ಕಳು' ಬರುವುದಿಲ್ಲ. 'ಕಲಿಸಿದರು' ಬರುವುದಿಲ್ಲ. ಕಾರ್ಯಕ್ರಮದ ಹೆಸರೇ ಬೀಳ್ಕೊಡುಗೆ, ಅದೂ ಬರುವುದಿಲ್ಲ. ಕೊಡುವುದು ಶಾಲು ಮತ್ತು ಫಲತಾಂಬೂಲ, ಅದಂತೂ ಕೇಳಲೇಬೇಡಿ. ಇನ್ನು 'ಗಳು' ಇಲ್ಲದ ಮೇಲೆ ಪುಸ್ತಕಗಳು, ನೆನಪುಗಳು ಎಲ್ಲ ಒಂಟಿಯಾದವು. 'ಅಲ್ಲಿ ಇಲ್ಲಿ' ಹೋಗಿ ಯಾವ ಘಟನೆಗೂ ಜಾಗ ಇಲ್ಲದಂತಾಯಿತು. ಕೊನೆಗೆ 'ಇಲ್ಲ' ಅನ್ನೋಣ ಅಂದರೆ ಅದೂ ಇಲ್ಲ!

ಎಲ್ಲಕ್ಕಿಂತ ದೊಡ್ಡ ಅವಮಾನ, ನನ್ನ ಊರಿನ ಹೆಸರು ಬರೆಯಲು ಆಗಲಿಲ್ಲ. ಧಾರವಾಡ ಬರುತ್ತದೆ, ಗದಗ ಬರುತ್ತದೆ, ಹಾವೇರಿ ಬರುತ್ತದೆ, ಹುಬ್ಬಳ್ಳಿ ಮಾತ್ರ ಬರುವುದಿಲ್ಲ. ಅವಳಿ ನಗರ ಅಂತ ಸುತ್ತಿ ಬಳಸಿ ಹೇಳೋಣ ಅಂದರೆ ಅದರಲ್ಲೂ ಳ. 1962ರಲ್ಲಿ ಎರಡೂ ಊರು ಸೇರಿ ಒಂದೇ ಪಾಲಿಕೆ ಆದದ್ದು, ನನ್ನ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಧಾರವಾಡದ ಪಾಲಾಯಿತು. ಧಾರವಾಡದ ಗೆಳತಿಗೆ ಇದನ್ನು ಹೇಳಬಾರದಿತ್ತು. ಹೇಳಿದೆ. ಇನ್ನೂ ನಗುತ್ತಿದ್ದಾಳೆ.

ಫೋನಿನಲ್ಲಿ ಬರೆಯಬಹುದಿತ್ತಲ್ವಾ ಅಂತ ನೀವು ಕೇಳುತ್ತೀರಿ. ಅಷ್ಟು ಸಣ್ಣ ಪರದೆಯಲ್ಲಿ ನನಗೆ ಬರೆಯಲು ಬರುವುದಿಲ್ಲ. ಹಳೇ ಫೈಲಿನಿಂದ ಒಂದು ಲ ಕಾಪಿ ಮಾಡಿಕೊಂಡು ಬೇಕಾದಲ್ಲೆಲ್ಲ ಅಂಟಿಸಿಯೂ ನೋಡಿದೆ. ಅದಕ್ಕೆ ಕೊಂಬು, ದೀರ್ಘ, ಒತ್ತು ಜೋಡಿಸುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತಿತ್ತು.

ನನ್ನ ಗಂಡ ಗದಗಿನವರು. ಗದಗಿನವರ ಮುಂದೆ ಬರೆಯುವ ಕಷ್ಟ ಹೇಳಿಕೊಳ್ಳಬಾರದು, ತಕ್ಷಣ ಕುಮಾರವ್ಯಾಸನನ್ನು ವೀರನಾರಾಯಣ ಗುಡಿಯಿಂದ ಎಬ್ಬಿಸಿಕೊಂಡು ಬರುತ್ತಾರೆ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ತಲಾ 14 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ 23, ಅದರ ಮೇಲೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು. "ಅಷ್ಟ ಕಟ್ಟಿನ್ಯಾಗ ಅಂವ ಹತ್ತು ಪರ್ವ ಭಾರತ ಬರದ. ನೀ ಒಂದ ಕೀ ಸಲವಾಗಿ ರಾಮಾಯಣ ಮಾಡಾಕತ್ತಿ," ಅಂದರು. ಇಟ್ಟ ಪದ ಅಳಿಸುವುದಿಲ್ಲ ಅಂತ ಹೇಳಿಕೊಂಡ ಕವಿ ಅವನು. ನನ್ನ ಕೀಬೋರ್ಡಿನಲ್ಲಿ ಜಾಸ್ತಿ ಸವೆದಿರುವುದು ಅಳಿಸುವ ಕೀಯೇ.

ನನಗೆ ಮಾತ್ರ ಜಾರ್ಜ್ ಪೆರೆಕ್ ನೆನಪಾದ. ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 'ಇ' (e) ಅಕ್ಷರವನ್ನು ಒಮ್ಮೆಯೂ ಮುಟ್ಟದೆ 1969ರಲ್ಲಿ ಇಡೀ ಕಾದಂಬರಿ ತಂದ ಪುಣ್ಯಾತ್ಮ. ಅವನ ಹೆಸರಿನಲ್ಲೇ ಆ ಅಕ್ಷರ ನಾಲ್ಕು ಸಲ ಬರುತ್ತದೆ. ಅವನಿಗೆ ಯಾವ ಚುರುಮುರಿಯೂ ಅಡ್ಡ ಬಂದಿರಲಿಲ್ಲ, ಬೇಕಂತಲೇ ಮಾಡಿದ. ಸರಿ, ನಾನೂ ಹಟಕ್ಕೆ ಬಿದ್ದೆ.

ಮೊದಲು ಹೋದದ್ದು ಇಂಥ ಪುಟಕ್ಕೆ ನಾವೆಲ್ಲ ಹಾಕುವ ಹಳೇ ಮಾಲು: ಅಮೂಲ್ಯ, ಸಲ್ಲಿಸಿದ, ಬೆಳಗಿದ, ಅಳಿಸಲಾಗದ. ಹೊಗಳಿಕೆ ಅನ್ನೋ ಪದದಲ್ಲೇ ಳ ಇದೆ ನೋಡಿ! ಅವೆಲ್ಲ ಹೋದ ಮೇಲೆ ನನ್ನ ಹತ್ತಿರ ಅಕ್ಕೋರು ಬಿಟ್ಟರೆ ಏನೂ ಉಳಿದಿರಲಿಲ್ಲ. ಪುಣ್ಯಕ್ಕೆ ಅಕ್ಕೋರು ಅನ್ನುವುದರಲ್ಲಿ ಲ ಇಲ್ಲ. ಗಲ್ಲಕ್ಕೆ ಕೈ ಕೊಟ್ಟು ಅರ್ಧ ಗಂಟೆ ಅವರನ್ನೇ ನೆನೆಸಿಕೊಂಡು ಕೂತೆ. ಆಮೇಲೆ ಹೀಗೆ ಬಂತು:

"ಅಕ್ಕೋರು ಹಾಜರಿ ಕರೆಯುವಾಗ ಕನ್ನಡಕ ಹಣೆಗೆ ಏರುತ್ತಿತ್ತು. ಹೋಂವರ್ಕ್ ಮಾಡದವರ ಹೆಸರು ಬಂದರೆ ಅದೇ ಕನ್ನಡಕ ಮೂಗಿನ ತುದಿಗೆ ಬರುತ್ತಿತ್ತು. ಡಬ್ಬಿ ತರದ ಹುಡುಗನಿಗೆ ತಮ್ಮ ರೊಟ್ಟಿ ಮುರಿದು ಕೊಟ್ಟು, 'ನನಗೆ ಇವತ್ತು ಉಪವಾಸ' ಎನ್ನುತ್ತಿದ್ದರು. ವಾರಕ್ಕೆ ಐದು ಉಪವಾಸ ಮಾಡುವ ಅಕ್ಕೋರು ಇಷ್ಟು ದಪ್ಪ ಹೇಗೆ ಎಂದು ನಾವು ಹಿಂದಿನ ಬೆಂಚಿನವರು ಚರ್ಚೆ ಮಾಡುತ್ತಿದ್ದೆವು."

ಸಮಾರಂಭದಲ್ಲಿ ಓದಿದೆ. ಜನ ನಕ್ಕರು. ಅಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡರು, ಸೆಖೆಗೋ ಏನೋ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲಾ ಛಲೋ ಬರದೀದಿ. ಆದರ ಸಾಲಿ ಅಂತ ಒಂದ ಸಲಾನೂ ಅಂದಿಲ್ಲ. ಸಾಲಿ ಮ್ಯಾಲ ಸಿಟ್ಟೇನ?" ಅಂತ ಕೇಳಿದರು. ಮೂವತ್ತು ವರ್ಷ ಪೇಪರ್ ತಿದ್ದಿದ ಕಣ್ಣು, ತಪ್ಪಿಸಿಕೊಳ್ಳುವುದು ಹೇಗೆ? ಗಿರ್ಮಿಟಿನ ಕಥೆ ಹೇಳಬೇಕಾಯಿತು.

ಮರುದಿನ ಕೀ ಬಂತು. ಅಷ್ಟರಲ್ಲಿ ಓದಿದ್ದನ್ನು ಕೇಳಿದ್ದ ಪಕ್ಕದ ಓಣಿಯವರೊಬ್ಬರು, ತಮ್ಮ ಮಾವನ ಅರವತ್ತರ ಶಾಂತಿಗೂ ಅಂಥದ್ದೇ ಒಂದು ಬರೆದುಕೊಡಿ, ನಾಳೆಯೇ ಬೇಕು ಅಂತ ಮೆಸೇಜ್ ಕಳಿಸಿದ್ದರು. ಆ ಮಾವನನ್ನು ನಾನು ನೋಡಿಯೇ ಇಲ್ಲ. ಹೊಸ ಕೀ ಸರಿ ಕೂತಿದೆಯಾ ಅಂತ ನೋಡಿದಂತೆಯೂ ಆಯಿತು ಅಂದುಕೊಂಡು, "ಒಲ್ಲೆ" ಅಂತ ಟೈಪ್ ಮಾಡಿದೆ. ಎರಡೂ ಲ ಚೆನ್ನಾಗಿ ಬಂದವು.