ಸೋತ ಕೈ ಮೊದಲು

ಇವತ್ತು ಅಂಗಿ ಹಾಕಿಕೊಳ್ಳಲು 11 ನಿಮಿಷ ಹಿಡಿಯಿತು. ಆರೂ ಗುಂಡಿ ನಾನೇ ಹಾಕಿದೆ. ನಗಬೇಡಿ, ಹೋದ ತಿಂಗಳು ಅರ್ಧ ಗಂಟೆ ಬೇಕಿತ್ತು.

ಅಡಿಕೆ ಕೊಯ್ಲಿನ ಹೊತ್ತಿಗೆ ಲಕ್ವ ಹೊಡೆದದ್ದು. ಮಿದುಳಿನ ಬಲಭಾಗಕ್ಕೆ ಪೆಟ್ಟು, ಸೋತದ್ದು ಎಡಗೈ, ಎಡಗಾಲು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ, ಲಕ್ವ ಹೊಡೆದ ಹೊತ್ತಿನಿಂದ, ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ನಾವು 'ಸ್ವಲ್ಪ ಮಲಗಿದ್ರೆ ಸರಿಯಾಗ್ತದೆ' ಅಂತ ಮನೆಯಲ್ಲೇ ಹೊತ್ತು ಕಳೆದೆವು. ನಮ್ಮ ಶಿರಸಿಯಿಂದ ಹುಬ್ಬಳ್ಳಿ ಆಸ್ಪತ್ರೆಗೆ ಹತ್ತಿರಹತ್ತಿರ ನೂರು ಕಿಲೋಮೀಟರ್. ಆ ಕಥೆ ಇನ್ನೊಮ್ಮೆ.

ಮನೆಗೆ ಬಂದ ಮೇಲೆ ಬಟ್ಟೆ ಹಾಕುವುದೆಲ್ಲ ಹೆಂಡತಿಯೇ. ಎರಡು ನಿಮಿಷದಲ್ಲಿ ಮುಗಿಸುತ್ತಿದ್ದಳು. ಸೋತ ಕೈಯನ್ನು ಹಿಡಿದೆಳೆದರೆ ಹೆಗಲಿಗೆ ಪೆಟ್ಟು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ನಾನು ಸುಮ್ನೆ ಗೊಂಬೆ ಹಾಗೆ ಕೂತಿರುತ್ತಿದ್ದೆ.

ಥೆರಪಿ ಹುಡುಗಿ ಬಂದು ಅವಳನ್ನು ಹೊರಗೆ ಕಳಿಸಿದಳು. 'ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಕೊನೆಗೆ' ಅಂದಳು. ಗಟ್ಟಿ ಕುರ್ಚಿ, ಎರಡೂ ಪಾದ ನೆಲಕ್ಕೆ. ಅಂಗಿಯನ್ನು ತೊಡೆ ಮೇಲೆ ಹರಡಿ, ಅದರ ಎಡತೋಳನ್ನು ಮಂಡಿಗಳ ನಡುವೆ ಇಳಿಬಿಡಬೇಕು. ಎಡಗೈಯನ್ನು ಅದರೊಳಗೆ ಇಳಿಸಿ, ಬಲಗೈಯಿಂದ ಬಟ್ಟೆಯನ್ನು ಹೆಗಲ ತನಕ ಏರಿಸಬೇಕು. ಆಮೇಲೆ ಬೆನ್ನ ಹಿಂದಿಂದ ಎಳೆದು ಬಲಗೈ ತೂರಿಸುವುದು. ಗುಂಡಿ ಕೆಳಗಿಂದ ಮೇಲೆ, ಆಗ ಎರಡು ಅಂಚೂ ಸಮ ಬರುತ್ತವೆ.

ಮೊದಮೊದಲು ಎಡಗೈ ಇದೆ ಅನ್ನುವುದೇ ಮರೆತುಹೋಗುತ್ತಿತ್ತು. ಖಾಲಿ ತೋಳು ಜೋತಾಡುತ್ತಿದ್ದರೂ ಜಗಲಿಗೆ ಬಂದು ಕವಳ ಹಾಕುತ್ತ ಕೂತದ್ದಿದೆ. ಬಲ ಮಿದುಳಿಗೆ ಪೆಟ್ಟಾದವರಲ್ಲಿ ಹೀಗಾಗುತ್ತದಂತೆ. ನೆಂಟರು ತಲೆ ಕೆಟ್ಟಿದೆ ಅಂದುಕೊಂಡರು.

ನಮ್ಮ ಮಳೆಗಾಲ ಬೇರೆ! ಬಚ್ಚಲ ಒಲೆ ಮೇಲೆ ಎಷ್ಟು ಒಣಗಿಸಿದರೂ ಬನಿಯನ್ ಥಂಡಿ, ಮೈಗೆ ಅಂಟಿ ಸುತ್ತಿಕೊಳ್ಳುತ್ತದೆ. ಹಾಗಾಗಿ ಬನಿಯನ್ನೇ ಬಿಟ್ಟೆ. ಪಂಚೆ ಉಡಲು ಮಾತ್ರ ಎರಡು ಕೈ ಬೇಕೇ ಬೇಕು. ಒಂದು ತುದಿಯನ್ನು ಸೊಂಟಕ್ಕೂ ಗೋಡೆಗೂ ನಡುವೆ ಒತ್ತಿ ಹಿಡಿದು ನೋಡಿದೆ. ಎರಡು ಸಲ ಕಾಲ ಬುಡಕ್ಕೆ ಬಿತ್ತು, ಒಂದು ಸಲ ನಾನೇ ಬೀಳುತ್ತಿದ್ದೆ. ಈಗ ಅಂಗಡಿಯ ವೆಲ್ಕ್ರೋ ಪಂಚೆ. ಅದಕ್ಕೆ ನಾಚಿಕೆ ಯಾಕೆ, ಅಲ್ವಾ?

ಲಕ್ವ ಆದವರ ಮನೆಯವರೇ, ನಿಮ್ಮ ಗಡಿಬಿಡಿಯನ್ನು ಅವರ ಮೈಮೇಲೆ ತೊಡಿಸಬೇಡಿ. ಅಪ್ಪ ಅರ್ಧ ಗಂಟೆ ತಗೊಂಡರೆ ತಗೊಳ್ಳಲಿ. ಬೀಳದ ಹಾಗೆ ನೋಡಿಕೊಳ್ಳಿ, ಸಾಕು.

ಹೆಂಡತಿ ಈಗ ಬಾಗಿಲಾಚೆ ನಿಲ್ಲುತ್ತಾಳೆ. 'ಆಯ್ತಾ?' ಅಂತ ಕೇಳಬಾರದು ಅನ್ನುವುದು ನಮ್ಮಲ್ಲಿ ಕರಾರು. ಕೇಳುವುದಿಲ್ಲ, ಕೆಮ್ಮುತ್ತಾಳೆ.