ಸರ್ಪಸುತ್ತು ಹಣೆಗೆ ಬಂದರೆ

ನಾನು ಟೆಕ್ಸಸ್‌ನ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ಟೆಕ್ನಿಷಿಯನ್. ನಮ್ಮಲ್ಲಿಗೆ ಬರುವವರಲ್ಲಿ ಸ್ಪ್ಯಾನಿಷ್ ಮಾತಾಡುವವರೇ ಜಾಸ್ತಿ. ಹೋದ ವಾರ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಕಡೆಯ ಅಜ್ಜಿಯೊಬ್ಬರು ಬಂದಿದ್ದರು, ಮಾತು ತಿಳಿಸಲು ಜೊತೆಗೆ 12 ವರ್ಷದ ಮೊಮ್ಮಗಳು. ಬಲಗಣ್ಣು ಕೆಂಪು, ಬೆಳಕು ಕಂಡರೆ ನೀರು. ಬೇರೆ ಕಡೆ ಮದ್ರಾಸ್ ಐ ಥರದ್ದೇನೋ ಅಂದುಕೊಂಡು ಆಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟಿದ್ದರಂತೆ, ಪಾಪ, ಮೂರು ವಾರದಿಂದ ಅದನ್ನೇ ಹಾಕಿಕೊಳ್ಳುತ್ತಿದ್ದಾರೆ. ಮುಂಗೂದಲು ಸರಿಸಿದರೆ ಹಣೆಯ ಬಲಕ್ಕೆ ಮಾತ್ರ ಒಣಗಿದ ಗುಳ್ಳೆಗಳ ಕಲೆ. ಮೂಗಿನ ತುದಿಯಲ್ಲೂ ಎರಡು.

ಆ ಮೂಗಿನ ತುದಿಯನ್ನು ಯಾರಾದರೂ ಮೊದಲೇ ನೋಡಬೇಕಿತ್ತು. ಅಲ್ಲಿಗೂ ಕಣ್ಣಿನೊಳಕ್ಕೂ ಹೋಗುವುದು ಒಂದೇ ನರದ ಕವಲು. ಮೂಗಿನ ತುದಿಗೆ ಸರ್ಪಸುತ್ತು ಬಂದರೆ ಕಣ್ಣಿಗೂ ಬರಬಹುದು ಅಂತ ಇಂಗ್ಲೆಂಡಿನ ಹಚಿನ್ಸನ್ ಎಂಬ ವೈದ್ಯರು 19ನೇ ಶತಮಾನದಲ್ಲೇ ಗುರುತಿಸಿದ್ದರು. ಕಣ್ಣೊಳಗಿನ ಒತ್ತಡ ನೋಡುವ ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತೇವೆ. ಅದಕ್ಕೂ ಮುಂಚೆ ಡಾಕ್ಟರ್ ಹತ್ತಿಯ ಎಳೆಯಿಂದ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಮುಟ್ಟಿದರು. ಎಡಗಣ್ಣು ಮುಟ್ಟಿದಾಗ ಅಜ್ಜಿ ಥಟ್ಟನೆ ರೆಪ್ಪೆ ಬಡಿದರು. ಬಲಗಣ್ಣಿಗೆ ಗೊತ್ತೇ ಆಗಲಿಲ್ಲ, ಆ ನರ ಸೋತಿತ್ತು. ಒತ್ತಡ 34, ಇರಬೇಕಾದ್ದು 21ರ ಒಳಗೆ. ಒಳಗೆಲ್ಲ ಉರಿಯೂತ.

ಸರ್ಪಸುತ್ತಿನ ಇಂಗ್ಲಿಷ್ ವೈದ್ಯಕೀಯ ಹೆಸರಿನಲ್ಲಿ "ಹರ್ಪಿಸ್" ಇದೆ, ಲೈಂಗಿಕ ರೋಗವೊಂದಕ್ಕೂ ಅದೇ ಹೆಸರು. ಡಾಕ್ಟರ್ ಅದನ್ನು ಅಂದ ಕೂಡಲೇ ಹುಡುಗಿ ತಲೆ ತಗ್ಗಿಸಿದಳು, ಅಜ್ಜಿಗೆ ಆ ಪದ ಹೇಳಲೇ ಇಲ್ಲ. ಫೋನಿನಲ್ಲಿ ದುಭಾಷಿಯನ್ನು ಆಮೇಲೆ ಕರೆದೆವು. ಮೊದಲೇ ಕರೆಯಬೇಕಿತ್ತು. ನಾನು ನನಗೆ ಬರುವ ಸ್ಪ್ಯಾನಿಷ್‌ನಲ್ಲಿ "ಕುಲೆಬ್ರಿಯಾ" ಅಂದೆ. ಅಜ್ಜಿ ಸೊಂಟ ಮುಟ್ಟಿ ತೋರಿಸಿದರು: ಅದು ಇಲ್ಲಿಗೆ ಬರೋದು, ಕಣ್ಣಿಗಲ್ಲ.

ಕುಲೆಬ್ರಿಯಾ ಅಂದರೆ ಪುಟ್ಟ ಹಾವು. ನಮ್ಮ ಸರ್ಪಸುತ್ತೇ ಅಲ್ವಾ! ತಲೆಯೂ ಬಾಲವೂ ಕೂಡಿದರೆ ಜೀವ ಹೋಗುತ್ತದೆ ಎನ್ನುವ ಭಯ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ನಮ್ಮ ಕಡೆ ಕೆಮ್ಮಣ್ಣು ಹಚ್ಚುತ್ತಾರೆ, ಅವರು ಪ್ರಾರ್ಥನೆ ಹಾಕಿಸುತ್ತಾರೆ. ಹಚ್ಚಲಿ, ಹಾಕಿಸಲಿ. ಆದರೆ ಚಿಕ್ಕಂದಿನಲ್ಲಿ ಅಮ್ಮ (ಚಿಕನ್‌ಪಾಕ್ಸ್) ಆದಾಗ ನರದಲ್ಲಿ ಅಡಗಿಕೊಂಡ ಅದೇ ವೈರಸ್ ಹಣೆಯಲ್ಲೂ ಏಳುತ್ತದೆ, ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದು ಅಂತ ಅವರ ಭಾಷೆಯಲ್ಲಿ ಅವರಿಗೆ ಯಾರು ಹೇಳಿದ್ದಾರೆ?

ಅದಕ್ಕೇ "ಹಿಸ್ಪಾನಿಕ್ ರೋಗಿಗಳ ಲಕ್ಷಣ" ಅಂತ ಯಾರಾದರೂ ಶುರು ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಹಿಸ್ಪಾನಿಕ್ ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು, ಅದು ಒಂದು ರಕ್ತ ಅಲ್ಲ. ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರಿಕೊ ಎಲ್ಲ ಕಡೆಯ, ಎಲ್ಲ ಬಣ್ಣದ ಜನ ಅದರಲ್ಲಿದ್ದಾರೆ. 2018ರಲ್ಲಿ ಅಮೆರಿಕದಲ್ಲಿ 60 ದಾಟಿದ, ಹಿಸ್ಪಾನಿಕ್ ಅಲ್ಲದ ಬಿಳಿಯರಲ್ಲಿ ಶೇ 38.6 ಜನ ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡಿದ್ದರು, ಹಿಸ್ಪಾನಿಕ್ ಜನರಲ್ಲಿ ಶೇ 19.5 ಮಾತ್ರ. ಈ ವ್ಯತ್ಯಾಸ ಕಣ್ಣಿನಲ್ಲಿ ಹುಟ್ಟಿದ್ದಲ್ಲ. ವಿಮೆ ಇಲ್ಲದ್ದು, ಕೆಲಸ ಬಿಟ್ಟು ಬರಲಾಗದ್ದು, ಭಾಷೆ ಬಾರದ್ದು, ಇವನ್ನೂ ಲಕ್ಷಣ ಅಂತ ಬರೆಯಿರಿ.

ಮಾತ್ರೆ, ಡ್ರಾಪ್ಸ್ ಎಲ್ಲ ಶುರುವಾಗಿದೆ. ಹೊರಡುವಾಗ ಅಜ್ಜಿ ಲಸಿಕೆ ಬಗ್ಗೆ ಕೇಳಿದರು, ತನಗಲ್ಲ, ತಂಗಿಗೆ. 50 ದಾಟಿದವರಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳು, ಮೆಡಿಕೇರ್ (ಹಿರಿಯರಿಗಿರುವ ಸರ್ಕಾರಿ ವಿಮೆ) ಔಷಧ ವಿಮೆ ಇದ್ದರೆ 2023ರಿಂದ ದುಡ್ಡಿಲ್ಲ ಅಂದೆ. ತಂಗಿಗೆ ಮೆಡಿಕೇರ್ ಇಲ್ಲ, ಬೇರೆ ವಿಮೆಯೂ ಇಲ್ಲ. ಕೈಯಿಂದ ಕೊಟ್ಟರೆ ಒಂದು ಡೋಸಿಗೆ 200 ಡಾಲರ್ ಆಸುಪಾಸು ಅಂತ ಹೇಳಲೇಬೇಕಾಯಿತು. ಮೊಮ್ಮಗಳು ಬರೆದುಕೊಂಡಿದ್ದ ಚೀಟಿಯನ್ನು ಅಜ್ಜಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು.