140 ಕೆಜಿ ತೂಕದ ಹುಡುಗ

ಭಾನುವಾರ ರಾತ್ರಿ ಒಂಬತ್ತಕ್ಕೆ ಅಮ್ಮನ ವಿಡಿಯೋ ಕಾಲ್ ಬರುತ್ತದೆ. ಹಾಸನದಲ್ಲಿ ಆಗ ಸೋಮವಾರ ಬೆಳಗ್ಗೆ ಏಳೂವರೆ. ಅಮ್ಮನ ಕಾಫಿ ಮುಗಿದಿರುತ್ತದೆ, ಡಲ್ಲಾಸಿನ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೊತ್ತು. ಆವತ್ತು ಫೋನನ್ನು ಟೀಪಾಯಿ ಮೇಲೆ ನಿಲ್ಲಿಸಿ, ಅಮ್ಮನ ಮಾತಿಗೆ ಹ್ಞೂಂಗುಟ್ಟುತ್ತಾ, ನಾನು ಮಗನ ಜೊತೆ ಗೇಮ್ ಆಡುತ್ತಿದ್ದೆ.

"ಅಪ್ಪಾ, ಆ ಹ್ಯೂಸ್ಟನ್ ಹುಡುಗನ ಮನೆಯವರ ಹತ್ರ ಮಾತಾಡಿದ್ಯಾ?" ಅಂದ ಮಗ.

"ಮಾತಾಡಿದೆ ಕಣೋ. ಒಪ್ಪೋ ಹಾಗೆ ಕಾಣ್ತಿದಾರೆ."

ಹಾಸನದಲ್ಲಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ತಂಗಿಯ ಮಗಳಿಗೆ ಗಂಡು ಹುಡುಕಲು ಶುರು ಮಾಡಿ ಆರು ತಿಂಗಳಾಗಿತ್ತು. ನನಗೆ ಅದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ.

"ಯಾರೋ ಅದು ಹುಡುಗ?"

"ಹ್ಯೂಸ್ಟನ್ ಕಡೆಯವನಮ್ಮ."

"ಎತ್ತರ ಹೇಗಿದಾನೆ?"

"ಆರಡಿ ಐದಿಂಚು."

"ಅಬ್ಬಾ! ನಮ್ಮ ಹುಡುಗಿ ಐದಡಿ ಎರಡು. ಇರಲಿ. ಮೈಕಟ್ಟು?"

"140 ಕೆಜಿ."

ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಅಮ್ಮ ಮೆಲ್ಲಗೆ, "ಏನು ಕೆಲಸದಲ್ಲಿದಾನೆ?" ಅಂದರು.

"ಕೆಲಸ ಎಲ್ಲಿ ಬಂತಮ್ಮ, ಇನ್ನೂ ಹೈಸ್ಕೂಲು!"

ಪೂರ್ತಿ ಬಿಡಿಸಿ ಹೇಳುವುದರೊಳಗೆ ಫೋನ್ ಚಾರ್ಜ್ ಮುಗಿಯಿತು.

ನಡೆದದ್ದು ಇಷ್ಟು. ಮಗನಿಗೆ ಕಾಲೇಜ್ ಫುಟ್‌ಬಾಲ್ ಹುಚ್ಚು. ನಮ್ಮ ಫುಟ್‌ಬಾಲಲ್ಲ, ಈ ಅಮೆರಿಕದವರದ್ದು. ಚೆಂಡು ಪಪ್ಪಾಯಿ ಆಕಾರದ್ದು, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಅದರ ವಿಡಿಯೋ ಗೇಮ್ 'ಕಾಲೇಜ್ ಫುಟ್‌ಬಾಲ್ 25' ಬಂದದ್ದು 2024ರ ಜುಲೈನಲ್ಲಿ, 11 ವರ್ಷದ ಗ್ಯಾಪ್ ಆದಮೇಲೆ. ದುಡ್ಡು ಕೊಡದೆ ನಿಜವಾದ ಆಟಗಾರರನ್ನು ಹೋಲುವ ಪಾತ್ರಗಳನ್ನು ಬಳಸಿಕೊಳ್ಳುತ್ತಾರೆ ಅಂತ ಕೋರ್ಟಿನಲ್ಲಿ ಕೇಸ್ ನಡೆದು ಆ ಸರಣಿ ನಿಂತುಹೋಗಿತ್ತು. ಈ ಸಲ ಗೇಮಿನಲ್ಲಿ ಕಾಣಿಸಿಕೊಳ್ಳಲು ಒಪ್ಪಿದ ಪ್ರತಿ ಆಟಗಾರನಿಗೂ 600 ಡಾಲರ್, ಜೊತೆಗೆ ಗೇಮಿನ ಒಂದು ಪ್ರತಿ ಅಂತ ಮಾತಾಯಿತು. ನನ್ನ ಕಾಲೇಜಿನಲ್ಲಿ ಐಡಿ ಕಾರ್ಡಿನ ಫೋಟೊಗೆ ನಾನೇ ದುಡ್ಡು ಕೊಟ್ಟಿದ್ದೆ.

ಆಟ ಆಡುವುದು ಮಗನ ಪಾಲು. ಬಟನ್ ಒತ್ತುವಷ್ಟು ಚುರುಕಾದ ಬೆರಳು ನನಗಿಲ್ಲ. ಹಾಗಾಗಿ ತಂಡ ಕಟ್ಟುವ ಕೆಲಸ ನನಗೆ ಬಂತು. 134 ಕಾಲೇಜುಗಳಲ್ಲಿ ಒಂದನ್ನು ಆರಿಸಿಕೊಂಡು, ಹೈಸ್ಕೂಲ್ ಹುಡುಗರನ್ನು ಓಲೈಸಿ ಕರೆತರಬೇಕು. ಈ ಹುಡುಗರೆಲ್ಲ ಕಂಪ್ಯೂಟರ್ ಹುಟ್ಟಿಸಿದವರು. ಒಂದರಿಂದ ಐದರವರೆಗೆ ಸ್ಟಾರು. ಇಲ್ಲದ ಹುಡುಗರಿಗಾಗಿ ನಾನು ರಾತ್ರಿ ನಿದ್ದೆಗೆಟ್ಟಿದ್ದೇನೆ ಅನ್ನುವುದನ್ನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ನಾನು ಎಲ್ ಪಾಸೋ ಊರಿನ ಯೂಟೆಪ್, ಅಂದರೆ ಯೂನಿವರ್ಸಿಟಿ ಆಫ್ ಟೆಕ್ಸಾಸ್ ಅಟ್ ಎಲ್ ಪಾಸೋ, ಆರಿಸಿದೆ. ಮಗ ಹಣೆ ಚಚ್ಚಿಕೊಂಡ. ಆದರೆ ಆ ಕ್ಯಾಂಪಸ್ಸಿನ ಕಟ್ಟಡಗಳು ಭೂತಾನದ ಶೈಲಿಯವು! ಸುಮಾರು ನೂರು ವರ್ಷದಿಂದ ಹಾಗೇ ಕಟ್ಟುತ್ತಾ ಬಂದಿದ್ದಾರೆ. ಟೆಕ್ಸಾಸಿನ ಮರಳುಗಾಡಿನಲ್ಲಿ ಹಿಮಾಲಯದ ಮಾಡು ನೋಡಿ ನನಗೆ ಕರುಳು ಚುರುಕ್ಕೆಂದಿತು. ಕಟ್ಟಡ ನೋಡಿ ಫುಟ್‌ಬಾಲ್ ತಂಡ ಆರಿಸುವವರು ಬೇರೆ ಯಾರಾದರೂ ಇದ್ದಾರಾ, ಗೊತ್ತಿಲ್ಲ.

ಪಟ್ಟಿಗೆ 35 ಹುಡುಗರನ್ನು ಹಾಕಿಕೊಳ್ಳಬಹುದು. ವಾರಕ್ಕೆ ಇಷ್ಟು ಗಂಟೆ ಅಂತ ಕೊಡುತ್ತಾರೆ, ಅದನ್ನು ಹುಡುಗರ ಮೇಲೆ ಖರ್ಚು ಮಾಡಬೇಕು. ಸ್ಕಾಲರ್‌ಶಿಪ್ ಕೊಡ್ತೀವಿ ಅಂತ ಹೇಳಲು 5 ಗಂಟೆ. ಮೆಸೇಜ್ ಕಳಿಸಲು 10 ಗಂಟೆ. ನಮ್ಮಮ್ಮ ಗುಡ್ ಮಾರ್ನಿಂಗ್ ಗುಲಾಬಿ ಹೂ ಕಳಿಸಲು ತೆಗೆದುಕೊಳ್ಳುವಷ್ಟೇ. ಮನೆಯವರನ್ನೂ ಗೆಳೆಯರನ್ನೂ ಹಿಡಿಯಲು 25. 'ಸೆಂಡ್ ದ ಹೌಸ್' ಅಂತ ಒಂದಿದೆ, ಅದಕ್ಕೆ 50. ಅಂದರೆ ಊರಿಗೆ ಊರೇ ಹೋಗಿ ಕಾಲಿಗೆ ಬೀಳುವುದು.

ಜಾಣರು ಏನು ಮಾಡುತ್ತಾರೆ ಅಂದರೆ, ಮೊದಲೇ ತಮ್ಮ ಮೇಲೆ ಸ್ವಲ್ಪ ಒಲವಿರುವ ಎರಡು ಸ್ಟಾರ್, ಮೂರು ಸ್ಟಾರ್ ಹುಡುಗರನ್ನು ಹುಡುಕಿ ಗಂಟೆಗಳನ್ನು ಹಂಚುತ್ತಾರೆ. ಪರೀಕ್ಷಿಸಿ ನೋಡಿದಾಗ ಕೆಲವರ ಹೆಸರಿನ ಪಕ್ಕ ಹಸಿರು ಹರಳು ಬರುತ್ತದೆ, ಅವನು ಸ್ಟಾರಿಗಿಂತ ಗಟ್ಟಿ ಅಂತ ಅರ್ಥ. ಮಗ ಇದನ್ನು ಎರಡು ಸಲ ಹೇಳಿದ. ನಾನು ಕೇಳಲಿಲ್ಲ. ಸಿಇಟಿಯಲ್ಲಿ ನಾಲ್ಕಂಕಿಯ ರ್‍ಯಾಂಕ್ ತಗೊಂಡು, ನನ್ನ ಸರದಿ ಬರುವ ಮುಂಚೆ ಸೀಟು ಒಂದೊಂದಾಗಿ ಖಾಲಿಯಾಗುವುದನ್ನು ನೋಡುತ್ತಾ ಕೂತವನು ನಾನು. ಯಾವ ಕಾಲೇಜೂ ನನಗೆ ಮೆಸೇಜ್ ಕಳಿಸಿರಲಿಲ್ಲ. ಈಗ ನಾನೇ ಒಂದು ಕಾಲೇಜು. ಹುಡುಕಿದರೆ ನಾಲ್ಕು ಸ್ಟಾರಿನವನನ್ನೇ ಹುಡುಕಬೇಕು.

ಹೀಗೆ ಹ್ಯೂಸ್ಟನ್ ಹುಡುಗ ಸಿಕ್ಕಿದ. ವಾರಾ ವಾರಾ 50 ಗಂಟೆ ಅವನಿಗೇ ಸುರಿದೆ. ಅವನ ಟಾಪ್ 5ರಲ್ಲಿ ಯೂಟೆಪ್ ಬಂದ ದಿನ ಹೆಂಡತಿಗೆ ಕೇಸರಿಬಾತ್ ಮಾಡು ಅಂದೆ. "ನಿಮ್ಮ ಮಗನ ಪೇರೆಂಟ್ಸ್ ಮೀಟಿಂಗಿಗೆ 20 ನಿಮಿಷ ಕೊಡೋಕಾಗಲ್ಲ, ಅವನಿಗೆ 50 ಗಂಟೆ," ಅಂದಳು. ಕೇಸರಿಬಾತ್ ಬರಲಿಲ್ಲ.

ಪ್ರತಿ ಹುಡುಗನಿಗೂ ಮುಖ್ಯವಾದ ಮೂರು ವಿಷಯ ಇರುತ್ತವೆ. ಅವು ಒಂದೇ ಸಲ ಕಾಣಿಸುವುದಿಲ್ಲ, ಮಾತಾಡಿಸುತ್ತಾ ಹೋದಂತೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮೊದಲನೆಯದು: ಆಡುವ ಅವಕಾಶ. ನಮ್ಮಲ್ಲಿ ಧಾರಾಳ. ಎರಡನೆಯದು: ಕ್ಯಾಂಪಸ್ ಬದುಕು. ಭೂತಾನ ಇದೆಯಲ್ಲ! ಮೂರನೆಯದು ತೆರೆಯಿತು: ಮನೆಗೆ ಹತ್ತಿರ ಇರಬೇಕು.

"ಒಂದೇ ರಾಜ್ಯ ಅಲ್ವಾ, ಹತ್ತಿರವೇ," ಅಂದೆ.

ಮಗ ಮಾತಾಡದೆ ಫೋನಿನಲ್ಲಿ ಮ್ಯಾಪ್ ತೆಗೆದು ಹಿಡಿದ. ಹ್ಯೂಸ್ಟನ್‌ನಿಂದ ಎಲ್ ಪಾಸೋಗೆ ರಸ್ತೆಯಲ್ಲಿ ಸುಮಾರು 1,200 ಕಿಲೋಮೀಟರ್. ಬೀದರಿನಿಂದ ಅಷ್ಟು ದೂರ ಹೋದರೆ ಚಾಮರಾಜನಗರ ದಾಟಿ ತಮಿಳುನಾಡಿನಲ್ಲಿ ಎಲ್ಲೋ ಇರುತ್ತೇವೆ. ಎಲ್ ಪಾಸೋಗೆ ಹ್ಯೂಸ್ಟನ್‌ಗಿಂತ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ತಿರ. ಗಡಿಯಾರ ಕೂಡ ಒಂದು ಗಂಟೆ ಹಿಂದೆ. ಹದಿನೆಂಟು ವರ್ಷದಿಂದ ಟೆಕ್ಸಾಸಿನಲ್ಲಿದ್ದೇನೆ, ತೆರಿಗೆ ಕಟ್ಟುತ್ತಿದ್ದೇನೆ.

ಮುಂದಿನ ವಾರ ಟಾಪ್ 3 ಬಂತು. ನಾವಿರಲಿಲ್ಲ.

ಆಮೇಲೆ ಶುರುವಾಯಿತು ನಿಜವಾದ ಫಜೀತಿ. ಉಳಿದ 34 ಜನ ಅಷ್ಟರಲ್ಲಿ ಬೇರೆ ಬೇರೆ ಕಡೆ ಸೇರಿಕೊಂಡಿದ್ದರು. ಗಾಬರಿಯಲ್ಲಿ ಕಣ್ಣಿಗೆ ಬಿದ್ದವರಿಗೆಲ್ಲ ಸ್ಕಾಲರ್‌ಶಿಪ್ ಅಂದೆ. ಎಲ್ಲರೂ ಸುಮ್ನೆ ಒಪ್ಪಿಕೊಂಡುಬಿಟ್ಟರು. ನೋಡಿದರೆ ಅದರಲ್ಲಿ ನಾಲ್ಕು ಜನ ಕಿಕ್ಕರ್‌ಗಳು. ಚೆಂಡನ್ನು ಕಂಬಗಳ ನಡುವೆ ಒದೆಯುವುದಷ್ಟೇ ಅವರ ಕೆಲಸ. ತಂಡಕ್ಕೆ ಒಬ್ಬ ಸಾಕು.

"ಅಪ್ಪಾ, ಇವರೆಲ್ಲಾ ಏನ್ ಮಾಡ್ತಾರೆ?"

"ಒದೀತಾರೆ."

"ಒದೆಯೋಕೆ ಮುಂಚೆ ಚೆಂಡನ್ನ ಅಲ್ಲಿವರೆಗೆ ತಗೊಂಡು ಹೋಗೋರು ಯಾರು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾತ್ರೆ ತೊಳೆಯಲು ಎದ್ದೆ.

ಮುಂದಿನ ಭಾನುವಾರ ಅಮ್ಮ ಬೇರೆ ಮಾತೇ ಆಡದೆ ನೇರ ಕೇಳಿದರು. "ಆ ಹ್ಯೂಸ್ಟನ್ ಹುಡುಗ ಏನಾದ?"

"ಬೇರೆ ಕಡೆ ಗೊತ್ತಾಯ್ತಮ್ಮ."

"ಹೋಗ್ಲಿ ಬಿಡು," ಅಂದರು ಅಮ್ಮ, ನಿಜವಾಗಿ ಸಮಾಧಾನವಾದವರ ಹಾಗೆ. "ತೂಕ ಜಾಸ್ತಿ ಆಯ್ತು."